ಕಾಶ್ಯಪ ಗೋತ್ರದ ಸ್ಕಾಟಿಷ್ ಕೋಟೆ

ನನಗೆ ಎಣಿಸುವ ಚಟವಿದೆ. ಇಸ್ಪೀಟಿನ ಚಟವಾಗಿದ್ದರೆ ಮನೆಯವರು ಬೈದು ಬಿಡಿಸುತ್ತಿದ್ದರು. ಎಣಿಸುವುದು ನೋಡುವವರಿಗೆ ಒಳ್ಳೆಯ ಗುಣದಂತೆ ಕಾಣುವುದರಿಂದ ಯಾರೂ ಬೈಯಲಿಲ್ಲ, ಅದು ಬೆಳೆಯುತ್ತಲೇ ಹೋಯಿತು. ಹನ್ನೆರಡನೆಯ ವಯಸ್ಸಿನಲ್ಲಿ ಮೈಸೂರಿನಿಂದ ಮಿಶಿಗನ್ನಿಗೆ ಬಂದ ದಿನದಿಂದ ದಿನಚರಿ ಬರೆಯುತ್ತಿದ್ದೇನೆ. ಅದರಲ್ಲಿ ಭಾವನೆಗಳು ಕಡಿಮೆ, ಅಂಕಿಗಳು ಹೆಚ್ಚು. ಮೊದಲ ಚಳಿಗಾಲದಲ್ಲಿ ಅಪ್ಪ ಕಾರಿನ ಮೇಲಿನ ಹಿಮ ಕೆರೆದದ್ದು ಮೂವತ್ತಮೂರು ಸಲ. ಅಮ್ಮ "ಯಾಕಾದ್ರೂ ಬಂದ್ವೋ" ಅಂದದ್ದು ನಲವತ್ತೊಂದು ಸಲ. ಈ ಎರಡನೆಯ ಅಂಕಿಯನ್ನು ಅಮ್ಮ ಇವತ್ತಿಗೂ ಒಪ್ಪುವುದಿಲ್ಲ. ಈಗ ಮಿಶಿಗನ್ನಿನದೇ ಊರಾದ ಲಿವೋನಿಯಾದಲ್ಲಿ, ಕಾರಿನ ಬಾಗಿಲಿಗೆ ರಬ್ಬರ್ ಪಟ್ಟಿ ತಯಾರಿಸುವ ಕಂಪನಿಯ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಅಲ್ಲಿ ನನ್ನ ಚಟಕ್ಕೇ ಸಂಬಳ ಕೊಡುತ್ತಾರೆ. ದಿನಚರಿ ಮಾತ್ರ ಈಗಲೂ ಕನ್ನಡದಲ್ಲೇ. ಅದು ಭಾಷಾಭಿಮಾನ ಎಂದುಕೊಂಡು ಕನ್ನಡ ಕೂಟದ ಹಿರಿಯರೊಬ್ಬರು ನನಗೆ ಶಾಲು ಹೊದಿಸಿದ್ದಾರೆ. ನಿಜ ಏನೆಂದರೆ, ಆಫೀಸಿನ ಮೇಜಿನ ಮೇಲೆ ತೆರೆದಿಟ್ಟು ಹೋದರೂ ಯಾರಿಗೂ ಓದಲು ಬರುವುದಿಲ್ಲ.

ಈ ಚಟ ನನ್ನನ್ನು ಸ್ಕಾಟ್‌ಲೆಂಡಿನ ಒಂದು ಕೋಟೆಯವರೆಗೂ ಎಳೆದುಕೊಂಡು ಹೋಗಿ, ಕೊನೆಗೆ ನಮ್ಮ ಮನೆಯ ಗೃಹಪ್ರವೇಶಕ್ಕೇ ಅಡ್ಡ ಬಂದ ಕಥೆ ಇದು. ನನ್ನ ಪಕ್ಕದ ಮೇಜಿನವರು ಇಯಾನ್. ಅರವತ್ತೆರಡು ವರ್ಷ, ಬಿಳಿ ಕೂದಲು, ಚಳಿಗಾಲ ಬೇಸಿಗೆ ಎನ್ನದೆ ಕೆಂಪಗಿರುವ ಕಿವಿ. ಹೆಂಡತಿ ತೀರಿಹೋಗಿದ್ದಾರೆ, ಮಕ್ಕಳಿಲ್ಲ. ಫೆಬ್ರವರಿ ಹನ್ನೊಂದರ ಮಧ್ಯಾಹ್ನ ನಾನು ಡಬ್ಬಿ ತೆರೆಯುವಷ್ಟರಲ್ಲಿ ಅವರು ಇಟ್ಟಿಗೆಯಷ್ಟು ದಪ್ಪದ ಒಂದು ಫೈಲನ್ನು ತಂದು ನನ್ನ ಮುಂದೆ ಇಳಿಸಿದರು. "ಸಿಂಧು, ನಿನ್ನಷ್ಟು ನೀಟಾಗಿ ಈ ಆಫೀಸಲ್ಲಿ ಯಾರೂ ಇಲ್ಲ. ಇದು ನಮ್ಮ ವಂಶದ್ದು. ಎಲ್ಲಾ ಕಲಸಿಹೋಗಿದೆ, ಸ್ವಲ್ಪ ಜೋಡಿಸಿಕೊಡ್ತೀಯಾ?" ಎಂದರು. (ಅವರು ಹೇಳಿದ್ದು ಇಂಗ್ಲಿಷಿನಲ್ಲಿ, ನಾನು ದಿನಚರಿಯಲ್ಲಿ ಬರೆದುಕೊಂಡಂತೆ ಕನ್ನಡದಲ್ಲೇ ಹೇಳುತ್ತಿದ್ದೇನೆ.) ಕಲಸಿಹೋದ ಫೈಲನ್ನು ನನ್ನ ಮುಂದಿಡುವುದೂ ಒಂದೇ, ಹಸಿದವರ ಮುಂದೆ ಬಿಸಿಬೇಳೆಭಾತ್ ಇಡುವುದೂ ಒಂದೇ. ಅಲ್ಲಿಂದ ಮೇ ಕೊನೆಯವರೆಗೆ ಐವತ್ತೆಂಟು ಊಟದ ವಿರಾಮಗಳನ್ನು ನಾನು ಆ ಫೈಲಿಗೆ ಕೊಟ್ಟೆ.

ಇಯಾನರ ತಾತ ಡೆಟ್ರಾಯ್ಟಿಗೆ ಬಂದು ಕಾರಿನ ಕಾರ್ಖಾನೆಯಲ್ಲಿ ದುಡಿದವರು. ಅವರ ಹಿಂದಿನವರು ಉತ್ತರ ಸ್ಕಾಟ್‌ಲೆಂಡಿನ ಬೆಟ್ಟಗಳ ಒಂದು ಕುಲಕ್ಕೆ ಸೇರಿದವರು. ಆ ಕುಲಕ್ಕೆ ಒಂದು ಕೋಟೆ. ಕೋಟೆಯ ಹೆಸರನ್ನೂ ಕುಲದ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ, ಆ ಜನ ಇನ್ನೂ ಜಗಳವನ್ನು ಪೂರ್ತಿ ಬಿಟ್ಟಿಲ್ಲವೆಂದು ಕೇಳಿದ್ದೇನೆ. ಕೋಟೆ ಅಂದಾಗ ನನ್ನ ತಲೆಯಲ್ಲಿ ಬಂದದ್ದು ಏಳು ಸುತ್ತು, ಬುರುಜು, ಆನೆ ಬರುವಷ್ಟು ದೊಡ್ಡ ಬಾಗಿಲು. ಫೈಲಿನಲ್ಲಿದ್ದ ನಕ್ಷೆಯನ್ನು ಬಿಡಿಸಿದರೆ ಅದು ಒಂದರ ಮೇಲೊಂದು ಪೇರಿಸಿದ ನಾಲ್ಕು ಕೋಣೆಗಳು, ಅಷ್ಟೇ. ಕಲ್ಲಿನ ಪೆಟ್ಟಿಗೆ. ಗೋಡೆ ಮಾತ್ರ ಏಳು ಅಡಿ ದಪ್ಪ. ಬಾಗಿಲು ನೆಲದ ಮಟ್ಟದಲ್ಲಿಲ್ಲ. ಮೊದಲ ಮಹಡಿಗೆ ಏಣಿ ಹಾಕಿ ಹತ್ತಬೇಕು, ಹತ್ತಿದ ಮೇಲೆ ಏಣಿಯನ್ನು ಒಳಗೆ ಎಳೆದುಕೊಳ್ಳಬೇಕು. ಒಳಗೆ ಶಂಖದಂತೆ ಸುತ್ತುವ ಎಪ್ಪತ್ತೆರಡು ಮೆಟ್ಟಿಲು. ಕೆಳಗಿನಿಂದ ನುಗ್ಗುವ ಶತ್ರುವಿನ ಬಲಗೈಗೆ ಕತ್ತಿ ಬೀಸಲು ಜಾಗ ಸಿಗಬಾರದೆಂದೇ ಅದನ್ನು ಬಲಕ್ಕೆ ತಿರುಗಿಸಿ ಕಟ್ಟಿದ್ದಾರೆಂದು ಇಯಾನ್ ಹೇಳಿ, ಆಫೀಸಿನ ಮೆಟ್ಟಿಲ ಮೇಲೆ ಸ್ಟೀಲ್ ಸ್ಕೇಲ್ ಹಿಡಿದು ತೋರಿಸಿದರು. ನಮ್ಮ ಆಫೀಸಿನ ಮೆಟ್ಟಿಲು ನೇರವಾಗಿರುವುದರಿಂದ ಶತ್ರುವಾಗಿ ನಿಂತಿದ್ದ ನನಗೆ ಮೊಣಕೈಗೆ ಪೆಟ್ಟಾಯಿತು. ನಡುವೆ ಒಂದು ಮೆಟ್ಟಿಲನ್ನು ಬೇಕೆಂದೇ ಎತ್ತರ ಮಾಡಿದ್ದರಂತೆ, ಶತ್ರು ಎಡವಲಿ ಅಂತ. ಶತ್ರು ಬರುವುದು ವರ್ಷಕ್ಕೊಮ್ಮೆ, ಮನೆಯವರು ಹತ್ತಿಳಿಯುವುದು ದಿನಕ್ಕೆ ಹತ್ತು ಸಲ. ಎಡವಿದವರು ಯಾರು ಹೆಚ್ಚು ಎಂಬ ಲೆಕ್ಕ ಮಾತ್ರ ಫೈಲಿನಲ್ಲಿರಲಿಲ್ಲ.

ಇನ್ನೊಂದು ಸಂಗತಿ. ಅವರು ಒಳ್ಳೆಯ ಬಟ್ಟೆಗಳನ್ನು ಗೋಡೆಯೊಳಗಿನ ಪಾಯಿಖಾನೆಯಲ್ಲಿ ನೇತುಹಾಕುತ್ತಿದ್ದರಂತೆ, ಆ ವಾಸನೆಗೆ ನುಸಿ ಹತ್ತಿರ ಬರುವುದಿಲ್ಲವೆಂದು. ಇದನ್ನು ನಾನು ಮನೆಯಲ್ಲಿ ಉತ್ಸಾಹದಿಂದ ಹೇಳಿದಾಗ ಅಮ್ಮ ಹುಳಿ ಬಡಿಸುತ್ತಿದ್ದರು. "ಊಟದ ಹೊತ್ತಲ್ಲಿ ಇದು ಬೇಕಿತ್ತೇನೇ?" ಎಂದರು. ಅಪ್ಪ ಮಾತ್ರ "ನ್ಯಾಫ್ತಲೀನ್ ಗುಳಿಗೆಗಿಂತ ವಾಸಿ ಇರ್ಬೋದು" ಎಂದು ಎರಡನೆಯ ಸಲ ಅನ್ನ ಹಾಕಿಸಿಕೊಂಡರು.

ಮಾರ್ಚ್ ಮುಗಿಯುವಷ್ಟರಲ್ಲಿ ಆ ಕುಲದ ಚಟುವಟಿಕೆಗಳನ್ನು ನಾನು ಒಂದು ಪಟ್ಟಿಗೆ ಇಳಿಸಿದ್ದೆ. ಪಕ್ಕದ ಕುಲದ ದನ ಹೊಡೆದುಕೊಂಡು ಬಂದದ್ದು ಹದಿನೇಳು ಸಲ. ನಮ್ಮ ದನ ಹೋದದ್ದು ಹದಿನಾರು ಸಲ. ("ನಮ್ಮ" ಎಂದು ಯಾವಾಗ ಬರೆಯಲು ಶುರುಮಾಡಿದೆನೋ ನೆನಪಿಲ್ಲ.) ಊಟಕ್ಕೆ ಕರೆದು ಕೊಂದದ್ದು ಎರಡು ಸಲ. ಜಗಳ ನಿಲ್ಲಿಸಲೆಂದು ಮಾಡಿದ ಮದುವೆಗಳು ಆರು. ಅದರಿಂದ ನಿಂತ ಜಗಳಗಳು ಸೊನ್ನೆ. ಇಯಾನ್ ಈ ಪಟ್ಟಿಯನ್ನು ನೋಡಿ ಹೆಮ್ಮೆಯಿಂದ ತಲೆದೂಗಿದರು. ಕುಲ ಅಂದರೆ ಎಲ್ಲರೂ ಒಂದೇ ರಕ್ತದವರು ತಾನೇ ಎಂದು ಕೇಳಿದೆ. "ಎಲ್ಲಾ ಅಲ್ಲ. ಕೆಲವರು ರಕ್ಷಣೆಗೆ ಅಂತ ಬಂದು ಯಜಮಾನನ ಹೆಸರು ಇಟ್ಕೊಂಡರು. ಇನ್ನು ಕೆಲವರು ಒಂದು ಮೂಟೆ ಓಟ್ಸ್ ಹಿಟ್ಟಿಗೆ. ನಮ್ಮೋರು ಹುಟ್ಟಿದವರೋ ಹಿಟ್ಟಿಗೆ ಬಂದವರೋ ನನಗೂ ಗೊತ್ತಿಲ್ಲ" ಎಂದರು. ಅಂತೂ ಕೋಟೆ ಕಟ್ಟಿದವನಿಂದ ಇಯಾನರವರೆಗೆ ಹದಿನಾಲ್ಕು ತಲೆಮಾರು, ಒಂದೂ ಹೆಸರು ಬಿಡದೆ, ಒಂದು ಚಾರ್ಟಿನಲ್ಲಿ ಸಿದ್ಧವಾಯಿತು.

ಸೆಪ್ಟೆಂಬರಿನಲ್ಲಿ ಆ ಎಪ್ಪತ್ತೆರಡು ಮೆಟ್ಟಿಲನ್ನು ಸ್ವತಃ ಹತ್ತಿ ಬರಬೇಕೆಂದು ಇಯಾನ್ ಟಿಕೆಟ್ ಮಾಡಿಸಿದ್ದರು. ಅದಕ್ಕಾಗಿ ಏಪ್ರಿಲಿನಲ್ಲಿ ಮಂಡಿಯ ಆಪರೇಷನ್. ವಿಷಯ ಕೇಳಿದ ಅಮ್ಮ, "ಪಾಪ, ಒಂಟಿ ಮನುಷ್ಯ. ಒಂದು ಅರ್ಚನೆ ಮಾಡಿಸ್ಕೊಂಡು ಬಾ" ಎಂದರು. ಶನಿವಾರ ದೇವಸ್ಥಾನದ ಸಾಲಿನಲ್ಲಿ ನಿಂತು ಹೆಸರು ಹೇಳಿದೆ. ಪುರೋಹಿತರು "ಗೋತ್ರ?" ಎಂದರು. ನನ್ನ ಹಿಂದೆ ಒಂಬತ್ತು ಜನ. ಹದಿನಾಲ್ಕು ತಲೆಮಾರನ್ನು ಮನಸ್ಸಿನಲ್ಲೇ ಮೇಲಿಂದ ಕೆಳಗೆ ನೋಡಿದೆ. ಗೋತ್ರ ಎಲ್ಲೂ ಕಾಣಲಿಲ್ಲ. "ಗೊತ್ತಿಲ್ದೇ ಇದ್ರೆ ಕಾಶ್ಯಪ ಅನ್ನೋದು ಪದ್ಧತಿ ಕಣಮ್ಮಾ" ಎಂದು ಪುರೋಹಿತರು ಸಂಕಲ್ಪ ಮಾಡಿಯೇಬಿಟ್ಟರು. ನಮ್ಮದೂ ಕಾಶ್ಯಪ ಗೋತ್ರವೇ. ಇಯಾನ್ ಮೂರು ವಾರಕ್ಕೆ ಕೋಲು ಬಿಟ್ಟು ನಡೆದರು. ಡಾಕ್ಟರು ಅದನ್ನು ವ್ಯಾಯಾಮದ ಫಲ ಎಂದರು, ಅಮ್ಮ ಡಾಕ್ಟರನ್ನು ಒಪ್ಪಲಿಲ್ಲ.

ಇಲ್ಲಿಗೆ ನಾನು ಸುಮ್ಮನಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಖಾಲಿ ಜಾಗ ಕಂಡರೆ ನನಗೆ ತಡೆಯುವುದಿಲ್ಲ. ಇಯಾನ್ ಆಫೀಸಿಗೆ ಮರಳಿದ ದಿನವೇ ಚಾರ್ಟಿನ ತುದಿಯಲ್ಲಿ, ಕೋಟೆ ಕಟ್ಟಿದವನ ತಲೆಯ ಮೇಲೆ, ಪೆನ್ಸಿಲಿನಲ್ಲಿ "ಗೋತ್ರ: ಕಾಶ್ಯಪ" ಎಂದು ಬರೆದೆ. ಇಯಾನ್ ಅದೇನೆಂದು ಕೇಳಿದರು. ಬಹಳ ಹಿಂದಿನ ಒಬ್ಬ ಋಷಿ, ನಮ್ಮ ಮನೆಯವರೂ ಅವನ ಕಡೆಯವರೇ ಎಂದೆ. ಅವರು ಒಂದು ನಿಮಿಷ ಅದನ್ನು ನೋಡಿ, ಜೇಬಿನಿಂದ ಪೆನ್ನು ತೆಗೆದು ಪೆನ್ಸಿಲ್ ಗೆರೆಗಳ ಮೇಲೆ ಮಸಿಯಲ್ಲಿ ತಿದ್ದಿದರು.

ಈ ನಡುವೆ ಅಪ್ಪ ಅಮ್ಮ ವೆಸ್ಟ್ ಬ್ಲೂಮ್‌ಫೀಲ್ಡಿನಲ್ಲಿ ಮನೆ ಕೊಂಡರು. ಹದಿನಾಲ್ಕು ವರ್ಷ ಅಪಾರ್ಟ್‌ಮೆಂಟಿನಲ್ಲಿದ್ದ ಮೇಲೆ ಮೊದಲ ಸ್ವಂತ ಮನೆ. ಜೂನ್ ಎರಡನೆಯ ಭಾನುವಾರ ಬೆಳಿಗ್ಗೆ ಎಂಟು ಹತ್ತಕ್ಕೆ ಗೃಹಪ್ರವೇಶ. ಎಂಬತ್ತನಾಲ್ಕು ಜನಕ್ಕೆ ಆಹ್ವಾನ, ಇಯಾನರೂ ಸೇರಿ. ಅವರು ಕುಲದ ಚೌಕುಳಿ ಬಟ್ಟೆಯ, ಮಂಡಿಯವರೆಗಿನ ಲಂಗದಂಥ ಕಿಲ್ಟ್ ಉಟ್ಟೇ ಬರುತ್ತೇನೆಂದು ಮಾತು ಕೊಟ್ಟಿದ್ದರು. ಅಮ್ಮನಿಗೆ ಈ ದಿನದ ಬಗ್ಗೆ ಇದ್ದ ಆಸೆ ಒಂದೇ. "ನೀನು ದೀಪ ಹಿಡ್ಕೊಂಡು ಮೊದ್ಲು ಒಳಗೆ ಬರ್ಬೇಕು, ಪುಟ್ಟಿ. ನಾಳೆ ನೀನು ಎಲ್ಲಿರ್ತೀಯೋ ಏನೋ. ಈ ಮನೆಗೆ ಮೊದ್ಲು ಕಾಲಿಟ್ಟೋಳು ನೀನು ಅಂತ ನಂಗೆ ಇರ್ಲಿ." ಅದಕ್ಕೆಂದೇ ತಮ್ಮ ಮದುವೆಯ ಹಸಿರು ಸೀರೆಯನ್ನು ಇಸ್ತ್ರಿ ಮಾಡಿಸಿ ನನ್ನ ಕೋಣೆಯಲ್ಲಿ ತೂಗುಹಾಕಿದ್ದರು. ಈ ಮಾತನ್ನು ಅವರು ಎಷ್ಟು ಸಲ ಹೇಳಿದರೆಂದು ನಾನು ಎಣಿಸಲಿಲ್ಲ. ಕೆಲವನ್ನು ಎಣಿಸಬಾರದು ಅನ್ನುವಷ್ಟು ಬುದ್ಧಿ ನನಗೂ ಇದೆ.

ಗೃಹಪ್ರವೇಶಕ್ಕೆ ಐದು ದಿನ ಇರುವಾಗ, ಮಂಗಳವಾರ, ಇಯಾನರ ಸೋದರತ್ತೆ ಮಾರ್ಗರೆಟ್ ತೀರಿಕೊಂಡರು. ತೊಂಬತ್ತಮೂರು ವರ್ಷ. ಇಯಾನರಿಗೆ ಈ ದೇಶದಲ್ಲಿ ಉಳಿದಿದ್ದ ಹತ್ತಿರದ ಸಂಬಂಧ ಅದೊಂದೇ. ಸಂಜೆ ಮನೆಯಲ್ಲಿ ಹೇಳಿದೆ. ಅಮ್ಮ ಸೌಟು ಕೆಳಗಿಟ್ಟರು.

"ಅವ್ರದ್ದು ನಮ್ಮ ಗೋತ್ರ ಅಲ್ವೇನೇ?"

"ಅದು ಸುಮ್ನೆ ಹೇಳಿದ್ದು ಕಣೇ," ಎಂದರು ಅಪ್ಪ.

"ದೇವರ ಮುಂದೆ ಹೇಳಿದ್ದು. ಮಂಡಿ ವಾಸಿ ಆದಾಗ ಸುಮ್ನೆ ಆಗಿರ್ಲಿಲ್ಲ, ಈಗ ಸುಮ್ನೇನಾ? ಸೂತಕ ಇಟ್ಕೊಂಡು ಹೊಸ ಮನೆಗೆ ಹೋಗಕ್ಕಾಗತ್ತಾ?"

"ಮದುವೆಯಾದ ಹೆಣ್ಣಾದ್ರೆ ಗೋತ್ರ ಬದಲಾಗಿರತ್ತೆ," ಎಂದು ಅಪ್ಪ ಒಂದು ದಾರಿ ಹುಡುಕಿದರು.

"ಅವರು ಮದುವೆ ಆಗಿರ್ಲಿಲ್ಲ," ಎಂದೆ ನಾನು. ಮಾಹಿತಿ ಇದ್ದಾಗ ಹೇಳದಿರುವುದು ನನ್ನಿಂದಾಗದು. ಅಪ್ಪ ನನ್ನನ್ನು ನೋಡಿದ ನೋಟವನ್ನು ಆ ಕೋಟೆಯವರು ಊಟಕ್ಕೆ ಬಂದ ಅತಿಥಿಗಳ ಕಡೆಗೆ ಬೀರುತ್ತಿದ್ದಿರಬೇಕು.

ಇಂಥ ಹೊತ್ತಿನಲ್ಲಿ ನಾವು ಡೆಸ್ ಪ್ಲೇನ್ಸ್ ಎಂಬ ಊರಿನಲ್ಲಿರುವ ಮಾವನಿಗೆ ಫೋನ್ ಮಾಡುತ್ತೇವೆ. ಅಮ್ಮನ ಅಣ್ಣ, ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಕೆಲಸ. ಶಾಸ್ತ್ರವನ್ನೂ ವಿಮಾನದ ವೇಳಾಪಟ್ಟಿಯಷ್ಟೇ ಖಚಿತವಾಗಿ ಹೇಳುತ್ತಾನೆ. ಅವನ ಗೋತ್ರ ಬೇರೆಯಾದ್ದರಿಂದ ತೀರ್ಪು ಕೊಡಲು ಧೈರ್ಯವೂ ಹೆಚ್ಚು. "ಏಳು ತಲೆಮಾರಿನೊಳಗಿದ್ರೆ ಹತ್ತು ದಿನ ಸೂತಕ. ಹದಿನಾಲ್ಕರೊಳಗಿದ್ರೆ ಮೂರು ದಿನ. ಅದರಾಚೆಗೆ ಬರೀ ಸ್ನಾನ. ಎಷ್ಟನೇ ತಲೆಮಾರಲ್ಲಿ ನೀವಿಬ್ರೂ ಕೂಡ್ತೀರಿ ಹೇಳಿ ಮೊದ್ಲು" ಎಂದ. ನಾನು ಚಾರ್ಟ್ ತಂದೆ. ಇಯಾನರ ಕಡೆ ಹದಿನಾಲ್ಕು ಹೆಸರು ಓದಿದೆ. "ಭೇಷ್. ಈಗ ನಿಮ್ದು ಓದು." ನಮ್ಮ ಕಡೆ ಅಪ್ಪ, ತಾತ, ಮುತ್ತಾತ, ಆಮೇಲೆ ಒಬ್ಬರು. ಅವರು ಸುಬ್ಬಯ್ಯನೋ ಸೂರಪ್ಪನೋ ಅಪ್ಪನಿಗೆ ಖಚಿತವಿರಲಿಲ್ಲ.

"ಅವ್ರದ್ದು ಹದಿನಾಲ್ಕು, ನಿಮ್ದು ಮೂರೂವರೆ. ಏನ್ ಭಾವ, ನಿಮ್ಮೋರು ಕೋಟೆಗೀಟೆ ಏನೂ ಕಟ್ಲಿಲ್ವಾ?" ಎಂದ ಮಾವ.

"ನಮ್ಮೋರು ಯಾರ ದನಾನೂ ಕದೀಲಿಲ್ಲ. ಅದಕ್ಕೇ ಯಾರೂ ಬರೆದಿಡ್ಲಿಲ್ಲ," ಎಂದರು ಅಪ್ಪ.

ನಾನು ನಡುವೆ ಬಾಯಿ ಹಾಕಿ ಲೆಕ್ಕವನ್ನು ವಿವರಿಸಿದೆ. ಇಯಾನರ ಹದಿನಾಲ್ಕು ತಲೆಮಾರಿನಲ್ಲಿ ಎಲ್ಲೂ ಒಬ್ಬ ಸುಬ್ಬಯ್ಯನೂ ಇಲ್ಲ, ಸೂರಪ್ಪನೂ ಇಲ್ಲ. ಆದ್ದರಿಂದ ನಾವು ಕೂಡುವುದಿದ್ದರೆ ಕೋಟೆ ಕಟ್ಟಿದವನಿಗಿಂತ ಮೇಲೆಯೇ ಕೂಡಬೇಕು. ಆದ್ದರಿಂದ ಬರೀ ಸ್ನಾನ. ಫೋನಿನ ಆ ಕಡೆ ಒಂದು ವಿಮಾನ ಹಾರಿಹೋಗುವವರೆಗೂ ಮಾವ ಯೋಚಿಸಿ, "ಲಾಜಿಕ್ ಸರಿಯಾಗಿದೆ" ಎಂದ. ನಾವು ಮೂವರೂ ಒಬ್ಬರ ನಂತರ ಒಬ್ಬರು ಸ್ನಾನ ಮಾಡಿದೆವು. ಮೂರನೆಯವಳಾದ ನನಗೆ ಬಿಸಿನೀರು ಉಳಿಯಲಿಲ್ಲ. ಆದರೂ ದೀಪ ಉಳಿಯಿತು. "ನಿನ್ನ ಲೆಕ್ಕದ ಹುಚ್ಚು ಒಂದ್ಸಲಕ್ಕಾದ್ರೂ ಉಪಯೋಗಕ್ಕೆ ಬಂತು" ಎಂದು ಅಮ್ಮ ನನ್ನ ತಲೆ ಒರೆಸಿದರು.

ಶುಕ್ರವಾರ ಮಣ್ಣು ಮಾಡುವುದಿತ್ತು. ಹೋಗೆಂದು ಹೇಳಿದವರೂ ಅಮ್ಮನೇ. "ಅವ್ರಿಗೆ ಯಾರೂ ಇಲ್ಲ ಅಂದ್ಯಲ್ಲ. ಹೋಗಿ ನಿಂತು ಬಾ, ಬಂದು ತಲೆಗೆ ಸ್ನಾನ ಮಾಡಿದ್ರಾಯ್ತು." ಬಂದಿದ್ದವರು ಹನ್ನೊಂದು ಜನ, ನಾನೂ ಸೇರಿ. ಇಯಾನರ ಕೈಯಲ್ಲಿ ಒಂದಷ್ಟು ಸಣ್ಣ ಚೀಟಿಗಳಿದ್ದವು. ಪ್ರತಿ ಚೀಟಿಯಲ್ಲಿ ಶವಪೆಟ್ಟಿಗೆಯ ಚಿತ್ರ, ಅದರ ಸುತ್ತ ಒಂದರಿಂದ ಎಂಟರವರೆಗೆ ಅಂಕಿ. ಅವರ ಕಡೆಯ ಪದ್ಧತಿಯಂತೆ: ಪೆಟ್ಟಿಗೆಗೆ ಎಂಟು ಹಗ್ಗ, ಹಿಡಿದು ಇಳಿಸುವವರು ಮನೆಯವರೇ. ತಲೆಯ ಕಡೆಯ ಒಂದನೆಯ ಹಗ್ಗ ಎಲ್ಲರಿಗಿಂತ ಹತ್ತಿರದವರಿಗೆ, ಉಳಿದದ್ದು ಸಂಬಂಧದ ಕ್ರಮದಲ್ಲಿ. "ಎಂಟು ಜನ ಬೇಕು ಸಿಂಧು. ದೂರದವರನ್ನೆಲ್ಲ ಸೇರಿಸಿದರೂ ಐದೇ ಜನ ಆಗಿದ್ದಾರೆ," ಎಂದು ಇಯಾನ್ ನನ್ನ ಕೈಗೆ ಒಂದು ಚೀಟಿ ಇಟ್ಟರು. ನಂಬರ್ ಆರು. ಮಾವನಿಗೆ ಒಂದು ಫೋನ್ ಮಾಡಿ ಬರುತ್ತೇನೆ ಅನ್ನಬೇಕೆಂದುಕೊಂಡೆ. ಅವರು ಆಗಲೇ ಒಂದನೆಯ ಹಗ್ಗ ಹಿಡಿದು ನನ್ನ ಜಾಗವನ್ನು ತೋರಿಸುತ್ತಿದ್ದರು. ನಾನು ಆರನೆಯದನ್ನು ಹಿಡಿದೆ. ಪೆಟ್ಟಿಗೆಯ ಭಾರವನ್ನು ಸ್ಮಶಾನದವರ ಯಂತ್ರವೇ ಹೊತ್ತಿತ್ತು. ಹಗ್ಗ ಹಿಡಿಯುವುದು ಬರೀ ಗೌರವಕ್ಕೆ. ಆದರೂ ಅದು ನನ್ನ ಕೈಯಿಂದ ಜಾರುತ್ತ ಹೋದಾಗ ಭಾರವಿಲ್ಲ ಎಂದು ಅನ್ನಿಸಲಿಲ್ಲ. ಆಮೇಲೆ ಇಯಾನರ ಮನೆಯಲ್ಲಿ ಚಹಾ.

ಮನೆಗೆ ಬಂದು ಸ್ನಾನ ಮಾಡಿದೆ. ಅಮ್ಮ ಚಿರೋಟಿಗೆ ಹಿಟ್ಟು ಕಲಸುತ್ತ, "ಹೇಗಾಯ್ತು?" ಎಂದು ಕೇಳಿದರು. "ಆಯ್ತು" ಎಂದಿದ್ದರೆ ಸಾಕಿತ್ತು. ಕೇಳಿದ್ದು ಅಷ್ಟೇ. ಆದರೆ ನಾನು ದಿನಚರಿ ತೆರೆದು ಹನ್ನೊಂದು ಜನ, ಎಂಟು ಹಗ್ಗ, ನಂಬರ್ ಆರು ಎಂದು ಓದಿದೆ. ಅಮ್ಮ ಹಿಟ್ಟಿನ ಕೈಯಲ್ಲೇ ಫೋನ್ ಒತ್ತಿದರು.

"ಹೊತ್ತು ಇಳಿಸಿದ್ರೆ ಬೇರೆ ಲೆಕ್ಕ ಕಣಮ್ಮಾ. ಆದ್ರೆ ಯಂತ್ರ ಇತ್ತು ಅಂತೀಯಲ್ಲ," ಎಂದ ಮಾವ. "ನಿನ್ನ ಕೈಗೇನಾದ್ರೂ ಭಾರ ಬಿತ್ತಾ?"

"ಅಂದಾಜು ಎರಡು ಪೌಂಡ್."

"ಅಯ್ಯೋ, ಯಾರೇ ನಿನ್ನ ತೂಕ ಹಾಕು ಅಂದಿದ್ದು? ಇರ್ಲಿ. ಅವ್ರ ಮನೇಲಿ ಏನಾದ್ರೂ ತಿಂದ್ಯಾ?"

"ಶಾರ್ಟ್‌ಬ್ರೆಡ್ ಬಿಸ್ಕತ್ತು. ಎರಡು."

"ಎರಡ್ಯಾಕೆ ತಿಂದೆ ಮಹರಾಯ್ತಿ! ಹೊತ್ತು, ಅವ್ರ ಮನೇಲಿ ತಿಂದ್ರೆ ಮೂರು ದಿನ. ಶುಕ್ರ, ಶನಿ, ಭಾನು." ಅಮ್ಮನ ಮುಖ ಕಾಣದಿದ್ದರೂ ಮಾವನಿಗೆ ಗೊತ್ತಾಯಿತೇನೋ, ದನಿ ತಗ್ಗಿಸಿದ. "ನೋಡು ಸಿಂಧು, ಹಗ್ಗ ಮುಟ್ಟಿದ್ದು ಹೊತ್ತ ಹಾಗಲ್ಲ, ಅದು ಬರೀ ಶೋಗೆ ಅಂತ ನೀನು ಒಂದು ಮಾತು ಹೇಳು. ನಾನು ಸ್ನಾನಕ್ಕೆ ಮುಗಿಸ್ತೀನಿ."

ಅಮ್ಮ ನನ್ನನ್ನೇ ನೋಡುತ್ತಿದ್ದರು. ಕೋಣೆಯಲ್ಲಿ ಹಸಿರು ಸೀರೆ ತೂಗುತ್ತಿತ್ತು. ಒಂದು ಮಾತು ಹೇಳುವುದೇನೂ ಕಷ್ಟವಿರಲಿಲ್ಲ. ಎರಡು ಸಲ ಬಾಯಿ ತೆರೆದೆ.

"ಶೋಗೆ ಅಲ್ಲ ಮಾವ," ಎಂದೆ ಕೊನೆಗೆ. "ಸಂಬಂಧದ ಲೆಕ್ಕದಲ್ಲೇ ಕೊಟ್ಟಿದ್ದು. ನಾನೂ ಹಾಗೇ ಹಿಡ್ಕೊಂಡೆ."

ಅಮ್ಮ ಕೈ ತೊಳೆದುಕೊಂಡು ಹೋಗಿ ಸೀರೆಯನ್ನು ಮಡಿಸಿದರು. "ನಿನ್ನ ಕೈಲಿ ಒಂದು ಸುಳ್ಳು ಹೇಳಕ್ಕಾಗಲ್ವಲ್ಲೇ," ಎಂದರು. ಅದು ಬೈಗುಳವೋ ಹೊಗಳಿಕೆಯೋ ತಿಳಿಯದೆ ನಾನು ದಿನಚರಿಯಲ್ಲಿ ಎರಡೂ ಕಡೆ ಬರೆದುಕೊಂಡೆ.

ಭಾನುವಾರ ಬೆಳಿಗ್ಗೆ ಎಂಟು ಹತ್ತಕ್ಕೆ ಅಮ್ಮನೇ ದೀಪ ಹಿಡಿದು ಒಳಗೆ ಹೋದರು. ನಾನು ಡ್ರೈವ್‌ವೇಯಲ್ಲಿ ಮಡಿಸುವ ಕುರ್ಚಿಯೊಂದರ ಮೇಲೆ, ಮೇಪಲ್ ಮರದ ಕೆಳಗೆ ಕೂತಿದ್ದೆ. ಎರಡನೆಯ ಕುರ್ಚಿ ಇಯಾನರಿಗೆ. ಅವರಿಗೂ ಸೂತಕ, ಒಳಗೆ ಬರುವಂತಿಲ್ಲ ಎಂದು ಹಿಂದಿನ ದಿನವೇ ಹೇಳಿದ್ದೆ. ಆದರೂ ಮಾತು ಕೊಟ್ಟಂತೆ ಕಿಲ್ಟ್ ಉಟ್ಟು, ಕಪ್ಪು ಟೈ ಕಟ್ಟಿಕೊಂಡು ಬಂದಿದ್ದರು. ಹಾಲು ಉಕ್ಕಿ ಹೊಗೆಯ ಅಲಾರಂ ಕೂಗಿಕೊಂಡಿತು. ಒಳಗೆ ಎಲ್ಲರೂ ಚಪ್ಪಾಳೆ ತಟ್ಟಿದರು.

"ನಮ್ಮ ಮೇಲೆ ಅವರಿಗೆ ಬೇಜಾರಾ?" ಎಂದು ಇಯಾನ್ ಮೆಲ್ಲಗೆ ಕೇಳಿದರು.

"ಇಲ್ಲ. ಪರಿಚಯದವರು ಯಾರು ಬೇಕಾದರೂ ಒಳಗೆ ಹೋಗಬಹುದು, ಆಗಲೇ ಎಪ್ಪತ್ತೊಂಬತ್ತು ಜನ ಹೋಗಿದ್ದಾರೆ. ಸಾವಾದಾಗ ಹೊರಗೆ ಕೂರಬೇಕಾದವರು ಮನೆಯವರು ಮಾತ್ರ."

ಅವರು ಬೀದಿಯ ಕಡೆ ತಿರುಗಿ, ಕಿಲ್ಟಿನ ಅಂಚಿನಿಂದ ಕನ್ನಡಕವನ್ನು ಬಹಳ ಹೊತ್ತು ಒರೆಸಿದರು. ಅಷ್ಟರಲ್ಲಿ ಅಮ್ಮ ಉಕ್ಕಿದ ಹಾಲನ್ನು ಎರಡು ಲೋಟದಲ್ಲಿ ತಂದು, ನಮ್ಮನ್ನು ಮುಟ್ಟದಂತೆ ಸಿಮೆಂಟಿನ ಮೇಲಿಟ್ಟು ಹಿಂದೆ ಸರಿದರು. ಇಯಾನರ ಮುಖ ನೋಡಿದರು. ಲೋಟಗಳನ್ನು ಮತ್ತೆ ಎತ್ತಿ ಅವರ ಕೈಗೊಂದು, ನನ್ನ ಕೈಗೊಂದು ಕೊಟ್ಟು, "ನಾನು ಇನ್ನೊಂದ್ಸಲ ಸ್ನಾನ ಮಾಡ್ತೀನಿ, ಬಿಡು. ಬಿಸಿ ಇರೋವಾಗ್ಲೇ ಕುಡೀರಿ" ಎಂದು ಒಳಗೆ ಹೋದರು.

ಹಾಲು ಮುಗಿಸಿದ ಮೇಲೆ ಇಯಾನ್ ಚೇತರಿಸಿಕೊಂಡರು. "ನನಗೆ ಎಷ್ಟು ದಿನ ಇದು?" ಎಂದರು.

"ನಿಮಗೆ ಹತ್ತು."

"ನಿನ್ನದು?"

"ಮೂರು."

ಅವರು ಎದ್ದು ನಿಂತು, ಕಿಲ್ಟನ್ನು ಸರಿಪಡಿಸಿಕೊಂಡು, ಮೇಪಲ್ ಮರದ ನೆರಳಿನಲ್ಲಿದ್ದ ನನ್ನ ಕುರ್ಚಿಯ ಕಡೆ ನೋಡಿದರು. ಅವರ ಕುರ್ಚಿಯ ಮೇಲೆ ಬಿಸಿಲು ನೇರವಾಗಿ ಬೀಳುತ್ತಿತ್ತು. "ಹಾಗಾದರೆ ಕುಲದಲ್ಲಿ ನಾನು ನಿನಗಿಂತ ದೊಡ್ಡವನು" ಎಂದರು. ಲೆಕ್ಕ ನಾನೇ ಒಪ್ಪಿಸಿದ್ದು. ಎದ್ದು ಜಾಗ ಬಿಟ್ಟುಕೊಟ್ಟೆ. ಉಳಿದ ಗೃಹಪ್ರವೇಶವನ್ನು, ಎರಡು ಗಂಟೆ ನಲವತ್ತು ನಿಮಿಷ, ಎಂಬತ್ತಾರು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಿನಲ್ಲಿ ಕೂತು ನೋಡಿದೆ.